ಸುಡದ ಬಂಡೆ

ಉಪದೇಶಿ ಇನ್ನಾಸಪ್ಪನ ಕಣ್ಣು ತಪ್ಪಿಸಿ ಆ ಊರಿನಲ್ಲಿ ಯಾರೂ ಪಾಪ ಮಾಡುವ ಹಾಗಿರಲಿಲ್ಲ. ಭಾನುವಾರದ ಪೂಜೆಗೆ ಯಾರು ತಡವಾಗಿ ಬಂದರು, ಮಾಂಸ ಮುಟ್ಟಬಾರದ ತಪಸ್ಸುಕಾಲದ ಶುಕ್ರವಾರ ಯಾರ ಒಲೆಯ ಮೇಲೆ ಕೋಳಿ ಸಾರು ಕುದಿಯಿತು, ಎಲ್ಲವೂ ಅವನಿಗೆ ಗೊತ್ತಾಗುತ್ತಿತ್ತು. ಮೂವತ್ತು ವರ್ಷದಿಂದ ಚರ್ಚಿನ ಮಕ್ಕಳಿಗೆ ಜಪ ಕಲಿಸುತ್ತಿದ್ದವನು. "ಸೈತಾನ ಬಾಗ್ಲು ತಟ್ಕೊಂಡು ಬರಲ್ಲ ಕನ್ರಪ್ಪ, ಎಚ್ಚರ!" ಎನ್ನುವುದು ಅವನಿಗೆ ಬಾಯಿಪಾಠವಾಗಿತ್ತು.

ತನ್ನ ವಿಷಯದಲ್ಲೂ ಅವನು ಸಡಿಲ ಬಿಟ್ಟವನಲ್ಲ. ಈಸ್ಟರ್‌ಗೆ ಮುಂಚಿನ ನಲವತ್ತು ದಿನಗಳ ತಪಸ್ಸುಕಾಲ ಬಂತೆಂದರೆ ಚಪ್ಪಲಿ ಬಿಟ್ಟುಬಿಡುತ್ತಿದ್ದ. ಊಟ ಒಂದೇ ಹೊತ್ತು. ಎಂಟು ವರ್ಷದಿಂದ ಸಕ್ಕರೆ ಕಾಯಿಲೆ ಇತ್ತು. ಉಪವಾಸವೆಂದ ಮೇಲೆ ಮಾತ್ರೆಗೂ ಉಪವಾಸವೇ. ಶುಕ್ರವಾರ ಮಧ್ಯಾಹ್ನ ಚರ್ಚಿನ ಹಿಂದಿನ ಗುಡ್ಡಕ್ಕೆ ಶಿಲುಬೆ ಹಾದಿ ಹೊರಟರೆ ಎಲ್ಲರ ಮುಂದೆ ಬರಿಗಾಲಲ್ಲಿ ಅವನು. ಹದಿನಾಲ್ಕು ಶಿಲುಬೆಗಳು, ಒಂದೊಂದರ ಮುಂದೆಯೂ ನಿಂತು ಪ್ರಾರ್ಥನೆ, ಕಾಲಡಿ ಕಾದ ಬಂಡೆ. ಪ್ರತಿ ವರ್ಷವೂ ಅಂಗಾಲಿನ ತುಂಬ ಬೊಬ್ಬೆ ಏಳುತ್ತಿತ್ತು.

ಆ ವರ್ಷ ಬಂಡೆ ಸುಡಲಿಲ್ಲ. ಜನ ಕಾಲು ಎತ್ತೆತ್ತಿ ಇಡುತ್ತ ನೆರಳು ಹುಡುಕುತ್ತಿದ್ದರೆ ಇನ್ನಾಸಪ್ಪ ಚಾಪೆಯ ಮೇಲೆ ನಿಂತವನ ಹಾಗೆ ನಿಂತಿದ್ದ. ಎದೆ ತುಂಬಿ ಬಂತು. ಇಷ್ಟು ವರ್ಷದ ತಪಸ್ಸಿಗೆ ದೇವರು ಕೊನೆಗೂ ಕಣ್ಣು ಬಿಟ್ಟ ಎಂದುಕೊಂಡು ಅಲ್ಲೇ ಕಣ್ಣೀರು ಹಾಕಿ ಸ್ತೋತ್ರ ಹೇಳಿದ. ಮನೆಗೆ ಬಂದು ಹೆಂಡತಿ ಲೂರ್ದಮ್ಮನಿಗೂ ಉಬ್ಬಿ ಉಬ್ಬಿ ಹೇಳಿದ.

ಲೂರ್ದಮ್ಮನ ಮುಖ ಕಂದಿತು. "ಸುಡ್ನಿಲ್ಲ ಅಂದ್ರೆ ಒಳ್ಳೇದಲ್ಲ. ಸಕ್ರೆ ಇರೋರ್ ಕಾಲು ಸತ್ತೋಯ್ತದೆ ಅಂತ ನರ್ಸಮ್ಮ ಹೇಳ್ನಿಲ್ವ? ವಸಿ ತೋರ್ಸಿ ಇಲ್ಲಿ."

"ಮಣ್ಣಿಗೋಗೋ ಮೈಯ್ಯ ಏನ್ ನೋಡೀಯೆ ಬುಡಮ್ಮಿ. ನಿನ್ ಆತ್ಮ ನೋಡ್ಕೊ. ಹೋದ್ ತಿಂಗ್ಳು ಪಾಪನಿವೇದ್ನೆಗೆ ಬರ್ನಿಲ್ಲ ನೀನು."

ಮುಂದಿನ ಶುಕ್ರವಾರವೂ ಕೇಳಿದಳು. ಅದರ ಮುಂದಿನ ಶುಕ್ರವಾರವೂ ಕೇಳಿದಳು. ಅವನು ಕಿವಿಗೆ ಹಾಕಿಕೊಳ್ಳಲಿಲ್ಲ. ಆಮೇಲೆ ಅವಳು ಕೇಳುವುದನ್ನು ಬಿಟ್ಟಳು.

ಪವಿತ್ರ ಗುರುವಾರ ಬಂತು. ಯೇಸು ಶಿಷ್ಯರ ಕಾಲು ತೊಳೆದ ನೆನಪಿಗೆ ಆ ಸಂಜೆ ಚರ್ಚಿನ ಗುರುಗಳು ಊರಿನ ಹನ್ನೆರಡು ಮಂದಿಯ ಕಾಲು ತೊಳೆಯುತ್ತಾರೆ. ಊರಿನವರದ್ದು ಇನ್ನೊಂದು ಪದ್ಧತಿ ಇತ್ತು. ಗುರುಗಳಿಗೆ ಕೊಳೆ ಕಾಣಬಾರದೆಂದು ಆ ಹನ್ನೆರಡು ಮಂದಿಯೂ ಮನೆಯಲ್ಲೇ ಸೋಪು ಹಾಕಿ ಕಾಲು ತಿಕ್ಕಿಕೊಂಡು ಬರುತ್ತಿದ್ದರು. ಗುರುಗಳು ತೊಳೆಯುವುದು ಬಲಗಾಲು ಒಂದನ್ನೇ, ಹಾಗಾಗಿ ತಿಕ್ಕುವುದೂ ಅದೊಂದನ್ನೇ. ಹನ್ನೆರಡರಲ್ಲಿ ಮೊದಲನೆಯವನು ಇನ್ನಾಸಪ್ಪ. ಬಲಗಾಲನ್ನು ಇಟ್ಟಿಗೆ ಚೂರಿನಿಂದ ಉಜ್ಜಿ ಉಜ್ಜಿ ಹೊಳೆಯುವಂತೆ ಮಾಡಿಕೊಂಡು ಹೋಗಿ ಕುಳಿತ.

ಆ ವರ್ಷ ಬಂದಿದ್ದ ಹೊಸ ಗುರುಗಳು ಬೋಗುಣಿ ಇಟ್ಟು ಅವನ ಮುಂದೆ ಮಂಡಿಯೂರಿದರು. ಬಲಗಾಲಿಗೆ ನೀರು ಹೊಯ್ದರು, ಒರೆಸಿದರು. ಆದರೆ ಏಳಲಿಲ್ಲ. ಅವರ ಮೂಗಿಗೆ ಏನೋ ಬಡಿದಿತ್ತು.

"ಉಪದೇಶಿಗಳೇ, ಇನ್ನೊಂದು ಕಾಲು ಕೊಡಿ."

"ಪದ್ದತಿ ಒಂದೇ ಕಾಲು ಸ್ವಾಮಿ."

ಗುರುಗಳು ತಾವೇ ಎಡಗಾಲನ್ನು ಎತ್ತಿದರು. ಹಿಮ್ಮಡಿಯಲ್ಲಿ ಮುರಿದ ಮುಳ್ಳೊಂದು ಕೂತಿತ್ತು. ಅದರ ಸುತ್ತ ಕಪ್ಪಾದ ಮಾಂಸ, ಬೆರಳು ಹೋಗುವಷ್ಟು ತೂತು. ಮುಂದಿನ ಸಾಲಿನ ಹೆಂಗಸರು ಸೆರಗಿನಿಂದ ಮೂಗು ಮುಚ್ಚಿಕೊಂಡರು.

"ನೋಯ್ತಾ ಇಲ್ವಾ?" ಎಂದು ಗುರುಗಳು ಮೆಲ್ಲಗೆ ಕೇಳಿದರು. ಇನ್ನಾಸಪ್ಪ ಇಲ್ಲವೆಂದು ತಲೆಯಾಡಿಸಿದ. ಬಂಡೆ ಯಾಕೆ ಸುಡಲಿಲ್ಲವೆಂದು ಅವನಿಗೆ ಆಗ ಗೊತ್ತಾಯಿತು.

ಮರುದಿನ ಆಸ್ಪತ್ರೆಯಲ್ಲಿ ಆ ಕಾಲನ್ನು ಮಂಡಿಯ ಕೆಳಗೆ ತೆಗೆದರು. ಭಾನುವಾರ ಯಾರೋ ಬಂದು ಈಸ್ಟರ್ ಶುಭಾಶಯ ಹೇಳಿದಾಗ ಅವನು ಗೋಡೆಯ ಕಡೆ ಹೊರಳಿದ. ಕಾಲು ಹೋದದ್ದನ್ನು ಹೇಗೋ ತಡೆದುಕೊಳ್ಳಬಹುದಿತ್ತು. ಕೊಳೆಯುವುದನ್ನು ಕೃಪೆ ಎಂದು ತಿಳಿದು ದೇವರ ಮುಂದೆ ಆನಂದದಿಂದ ಅತ್ತಿದ್ದನಲ್ಲ, ಅದನ್ನು ತಡೆಯಲಾಗಲಿಲ್ಲ. ಹಾಗಾದರೆ ಮೂವತ್ತು ವರ್ಷದಲ್ಲಿ ತಾನು ಕೃಪೆ ಎಂದುಕೊಂಡದ್ದರಲ್ಲಿ ಎಷ್ಟು ನಿಜ?

ಮತ್ತೆ ತಪಸ್ಸುಕಾಲ ಬಂತು. ಜನ ಗುಡ್ಡ ಹತ್ತಿದರು. ಇನ್ನಾಸಪ್ಪ ಮೊದಲನೇ ಶಿಲುಬೆಯ ಹತ್ತಿರ ಕುರ್ಚಿಯಲ್ಲಿ ಉಳಿದ. ಸಂಜೆ ಮನೆಯಲ್ಲಿ, ತನಗೆ ಉಳಿದಿದ್ದ ಒಂದು ಕಾಲನ್ನು ಹೆಂಡತಿಯ ಮುಂದೆ ಚಾಚಿದ. ಅವಳು ದಿನದಂತೆ ಬೆರಳ ಸಂದು ಬಿಡಿಸಿ ನೋಡಿ, "ಏನಿಲ್ಲ" ಅಂದಳು.

"ಕಾಲೊಂದೇ ಅಲ್ಲ ಕನಮ್ಮಿ" ಎಂದ ಅವನು. "ನಂಗೊತ್ತಾಗ್ದಂಗೆ ನನ್ನೊಳ್ಗೆ ಇನ್ನೇನ್ ಕೊಳ್ತೋಗದೆ? ನಿಂಗ್ ಕಾಣ್ತದಲ್ಲ, ಹೇಳು."

ಲೂರ್ದಮ್ಮ ಕಾಲನ್ನು ಒರೆಸಿ ಕೆಳಗಿಟ್ಟಳು. "ಹೇಳೋವಾಗ ನೀವು ಕೇಳ್ನಿಲ್ಲ. ಈಗ ನಂಗೂ ಏನೂ ನೋಯಲ್ಲ."

ಅಷ್ಟು ಹೇಳಿ ಒಲೆಯ ಕಡೆ ಹೋದಳು. ಇನ್ನಾಸಪ್ಪ ಕೂತಲ್ಲೇ ಕೈ ಜೋಡಿಸಿದ. ಜನ್ಮದಲ್ಲಿ ಮೊದಲ ಸಲ ಅವನು ದೇವರ ಹತ್ತಿರ ನೋವು ಬೇಡಿಕೊಂಡ, ತನಗೊಂದಿಷ್ಟು, ಅವಳಿಗೊಂದಿಷ್ಟು.

ನೀತಿ: ನೋವಿಲ್ಲ ಎಂದ ಮಾತ್ರಕ್ಕೆ ಗಾಯವಿಲ್ಲ ಎಂದಲ್ಲ. ದೇವರು ಕಾಯಲು ಕೊಟ್ಟದ್ದು ಆತ್ಮ, ಮೈ, ಮನೆಯವರ ಮನಸ್ಸು ಎಲ್ಲವನ್ನೂ ಸೇರಿಸಿ. ಒಂದನ್ನು ಉಜ್ಜಿ ಹೊಳೆಯಿಸಿ ಇನ್ನೊಂದನ್ನು ಕೊಳೆಯಲು ಬಿಟ್ಟರೆ ಅದು ಎಚ್ಚರವಲ್ಲ. ನಿಮ್ಮ ಹುಣ್ಣನ್ನು ತೋರಿಸುವವರಿಗೆ ಇನ್ನೂ ಬಾಯಿ ಇರುವಾಗಲೇ ಕೇಳಿಸಿಕೊಳ್ಳಿ.