ಅಣ್ಣ ಹೊಲಿದ ರೆಕ್ಸಿನ್

ಬನ್ನಿ, ಗೋಡೆಗೆ ಒರಗಿ ಕೂತುಕೊಳ್ಳಿ. ಗದ್ದಲ ಮಾಡದೆ ಕೇಳಿ.

ಒಬ್ಬ ಶಿಷ್ಯ ಗುರುಗಳನ್ನು ಕೇಳಿದ: “ನಮ್ಮನ್ನು ಪ್ರೀತಿಸುವವರು ತಪ್ಪು ಮಾಡಿದರೆ ಬಾಯಿಬಿಟ್ಟು ಹೇಳಬೇಕೋ, ಸಹಿಸಿಕೊಳ್ಳಬೇಕೋ?”

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ಮಂಡಕ್ಕಿ ವ್ಯಾಪಾರಿ. ಅವನಿಗೊಬ್ಬ ತಮ್ಮ. ಅಣ್ಣ ಭಟ್ಟಿಯಲ್ಲಿ ಮಂಡಕ್ಕಿ ಹುರಿಯುವನು, ತಮ್ಮ ಮೋಟಾರ್‌ಸೈಕಲ್ಲಿಗೆ ಚೀಲ ಹೇರಿಕೊಂಡು ಸಂತೆ ಸಂತೆಗೆ ಒಯ್ಯುವನು. ಚಳಿಗಾಲ ಬಂತು. ತಮ್ಮನ ಕಾಲಿಗೆ ಗಾಳಿ ಬಡಿಯುತ್ತದಲ್ಲಾ ಎಂದು ಅಣ್ಣನ ಜೀವ ಮರುಗಿತು. ರೆಕ್ಸಿನ್ ತಂದ, ತಾನೇ ಹೊಲಿದ, ಇಂಜಿನ್ನಿನ ಮುಂದಿನ ಗಾರ್ಡಿಗೆ ಬಿಗಿದು ಕಟ್ಟಿದ. ತಮ್ಮನ ಕಾಲು ಬೆಚ್ಚಗಾಯಿತು.

ಬೇಸಿಗೆ ಬಂದರೂ ರೆಕ್ಸಿನ್ ಅಲ್ಲೇ ಇತ್ತು. ಇಂಜಿನ್ ಕಾದು ಕಾಲು ಸುಡುತ್ತಿತ್ತು. ಆದರೂ ತಮ್ಮ ಅದನ್ನು ಬಿಚ್ಚಲಿಲ್ಲ. ಒಂದು ಮಧ್ಯಾಹ್ನ ಏರಿನಲ್ಲಿ ಗಾಡಿ ಗಕ್ಕನೆ ನಿಂತಿತು. ಕಿಕ್ಕರ್ ಒದ್ದರೆ ಕಲ್ಲು ಒದ್ದ ಹಾಗೆ. ತಮ್ಮ ಮೊದಲು ರೆಕ್ಸಿನ್ ಬಿಚ್ಚಿ ಚೀಲದೊಳಗೆ ಅಡಗಿಸಿದ. ಆಮೇಲೆ ಗಾಡಿಯನ್ನು ಗ್ಯಾರೇಜಿಗೆ ತಳ್ಳಿದ.

ಸುದ್ದಿ ಕೇಳಿ ಓಡಿಬಂದ ಅಣ್ಣ ಅಲ್ಲೇ ಹಾರಾಡಿದ. “ಆಯಿಲ್ ಹಾಕದೆ ಓಡಿಸಿದ್ದೀಯ, ದಂಡಪಿಂಡ! ನಾಳೆಯಿಂದ ನಿನ್ನ ದಾರಿ ನಿನಗೆ, ನನ್ನ ದಾರಿ ನನಗೆ.”



ಮೆಕ್ಯಾನಿಕ್ ದಸ್ತಗೀರ್ ಸಾಬರು ಇಂಜಿನ್ ಬಿಚ್ಚಿದರು. ಪಿಸ್ಟನ್ ಕಾದು ಕಚ್ಚಿಕೊಂಡಿತ್ತು. ಆಯಿಲ್ ಅಳತೆಗೆ ಸರಿಯಾಗೇ ಇತ್ತು, ಆದರೆ ಡಾಂಬರಿನ ಹಾಗೆ ಕಪ್ಪಾಗಿತ್ತು. ಅವರು ಇಂಜಿನ್ನಿನ ಮುಂಭಾಗದ ಮೇಲೆ ಬೆರಳಾಡಿಸಿ ನಕ್ಕರು.

“ಗಾಡಿಯೆಲ್ಲಾ ಧೂಳು, ಇಲ್ಲಿ ಮಾತ್ರ ಮದುಮಗನ ಕೆನ್ನೆ! ಧೂಳೇ ಬಾರದ ಕಡೆ ಗಾಳಿ ಎಲ್ಲಿಂದ ಬರಬೇಕು? ಏನಪ್ಪಾ ಕಟ್ಟಿದ್ದೆ ಇಲ್ಲಿ? ನಿಮ್ಮ ಮಂಡಕ್ಕಿ ಭಟ್ಟಿಗೂ ಇಷ್ಟು ಕಾವು ಬೇಡ.”

ತಮ್ಮ ಚೀಲವನ್ನು ಮರೆಗೆ ಸರಿಸಿದ. ಅಣ್ಣನಿಗೆ ಗೊತ್ತಾಯಿತು. ಬಗ್ಗಿ ತಮ್ಮನ ಪ್ಯಾಂಟು ಮೇಲೆತ್ತಿ ನೋಡಿದ. ಕಾಲ ತುಂಬ ಬೊಬ್ಬೆ.

“ಯಾಕೋ ಬಿಚ್ಚಲಿಲ್ಲ, ಹುಚ್ಚಾ?”

“ನೀನು ಹೊಲಿದದ್ದಲ್ವಾ ಅಣ್ಣಾ.”

ಕೊನೆಗೆ ಯಾರ್ಯಾರು ಏನಾದರು ಅಂದರೆ, ದಸ್ತಗೀರ್ ಸಾಬರು ಹೊಸ ಪಿಸ್ಟನ್ ಹಾಕಿ ಗಾಡಿ ಎಬ್ಬಿಸಿಕೊಟ್ಟರು, ಈಗಲೂ ಅದೇ ಗ್ಯಾರೇಜಿನಲ್ಲಿ ಕೂತಿದ್ದಾರೆ. ತಮ್ಮ ಸಂತೆಗೆ ಹೋಗುತ್ತಾನೆ. ಅಣ್ಣ ಮಾಡಿದ ಸಾರಿಗೆ ಉಪ್ಪು ಹೆಚ್ಚಾದರೂ ಈಗ ಅವನ ಮುಖಕ್ಕೇ ಹೇಳಿಬಿಡುತ್ತಾನೆ. ಅಣ್ಣ ಬೈಯುತ್ತಾನೆ, ಬೈದು ನೀರು ಬೆರೆಸುತ್ತಾನೆ.

ಶಿಷ್ಯ ಬಿಡಲಿಲ್ಲ. “ಹಾಗಾದರೆ ತಪ್ಪು ಅಣ್ಣನದೋ, ತಮ್ಮನದೋ?”

“ಇಂಜಿನ್ ಅದನ್ನು ಕೇಳಲಿಲ್ಲ ಮಗಾ, ಅದಕ್ಕೆ ಗಾಳಿ ಬೇಕಿತ್ತು” ಎಂದರು ಗುರುಗಳು.