ಹಸಿರು ಬಟ್ಟೆ ಕಟ್ಟಿದ ಕೈ

ನದಿಯ ನಡುಗಡ್ಡೆಯಲ್ಲಿ ಒಂದು ಆಶ್ರಮವಿತ್ತು. ಅಲ್ಲಿ ಪವಾಡ ನಡೆಯುತ್ತಿರಲಿಲ್ಲ. ಹಾಗಾಗಿ ಭಕ್ತರೂ ಕಡಿಮೆ.

ಅಲ್ಲಿನ ಗುರು ಬಸಲಿಂಗವ್ವ. ಇಪ್ಪತ್ತಾರು ವರ್ಷ ಆಂಬುಲೆನ್ಸಿನಲ್ಲಿ ಗಾಯಾಳುಗಳ ಜೊತೆ ಓಡಾಡಿ, ಕೊನೆಗೆ ಮೌನ ಬೇಕೆನಿಸಿ ಇಲ್ಲಿಗೆ ಬಂದವರು. ಮೌನ ಸಿಗಲಿಲ್ಲ, ಶಿಷ್ಯರು ಸಿಕ್ಕರು.

ಆತ್ಮದ ಬಗ್ಗೆ ಕೇಳಿದರೆ ಗೊತ್ತಿಲ್ಲ ಎನ್ನುತ್ತಿದ್ದರು. ಉಸಿರಿನ ಬಗ್ಗೆ ಕೇಳಿದರೆ, ನಿಮಿಷಕ್ಕೆ ಎಷ್ಟು ಎಂದು ತಿರುಗಿ ಕೇಳುತ್ತಿದ್ದರು.

ನಡುಗಡ್ಡೆಯಿಂದ ಆಚೆ ದಂಡೆಗೆ ದೋಣಿಯಲ್ಲಿ ಹದಿನೈದು ನಿಮಿಷ, ಅಲ್ಲಿಂದ ಆಸ್ಪತ್ರೆಗೆ ಅರ್ಧ ಗಂಟೆ. ಇದ್ದದ್ದು ಒಂದೇ ದೋಣಿ. ಒಬ್ಬರನ್ನು ಮಲಗಿಸಿ, ಜೊತೆಗೊಬ್ಬರು ಕೂತರೆ ತುಂಬಿ ಹೋಗುತ್ತಿತ್ತು.

ಆದ್ದರಿಂದ ಶಿಷ್ಯರು ಮಂತ್ರಕ್ಕೆ ಮೊದಲು ಮೂರು ಬಣ್ಣ ಕಲಿಯುತ್ತಿದ್ದರು. ಕೂಡಲೇ ಹೋಗಬೇಕಾದವರ ಮುಂಗೈಗೆ ಕೆಂಪು ಬಟ್ಟೆ. ಸ್ವಲ್ಪ ತಡೆಯಬಲ್ಲವರಿಗೆ ಹಳದಿ. ಎದ್ದು ಓಡಾಡುವವರಿಗೆ ಹಸಿರು.

ಶಿಷ್ಯರಲ್ಲಿ ಪ್ರಭುಲಿಂಗ ಚುರುಕು. ಅದು ಅವನಿಗೂ ಗೊತ್ತಿತ್ತು.

ಒಂದು ಅಮಾವಾಸ್ಯೆಯ ಮಧ್ಯಾಹ್ನ ಪ್ರಸಾದದ ಪಂಕ್ತಿ ಕೂತಿತ್ತು. ಗಾಳಿ ಎದ್ದಿತು. ತಗಡಿನ ಚಪ್ಪರ ಕುಸಿಯಿತು.

ಹೆಚ್ಚಿನವರಿಗೆ ತರಚು ಗಾಯ. ಜೋರು ಪೆಟ್ಟು ಬಿದ್ದದ್ದು ಮೂವರಿಗೆ.

ಉಪನ್ಯಾಸಕ್ಕೆಂದು ಬಂದಿದ್ದ ಹಿರಿಯ ಸ್ವಾಮಿಗಳ ತಲೆ ಒಡೆದು ಮುಖವೆಲ್ಲ ರಕ್ತವಾಗಿತ್ತು. ದೇಹ ನಶ್ವರ ಎಂದು ಅವರು ಬೆಳಿಗ್ಗೆಯಷ್ಟೇ ಒಂದೂವರೆ ಗಂಟೆ ಹೇಳಿದ್ದರು.

ಅವರ ಪಕ್ಕದಲ್ಲಿದ್ದ ಬಟ್ಟೆ ಅಂಗಡಿಯ ಶಿವಯೋಗಪ್ಪನಿಗೆ ಮೊಳಕಾಲ ಕೆಳಗೆ ಎಲುಬು ಮುರಿದಿತ್ತು. ಆತನ ಕೂಗು ಆಚೆ ದಂಡೆಗೂ ಕೇಳಿಸಿತು.

ಮಜ್ಜಿಗೆ ಬಡಿಸುತ್ತಿದ್ದ ಕಾಶವ್ವನ ಎಡ ಪಕ್ಕೆಗೆ ಚಪ್ಪರದ ಗಳ ಬಡಿದಿತ್ತು. ಆಕೆ ಎದ್ದು, ಸೀರೆ ಕೊಡವಿ, ಸ್ವಾಮಿಗಳ ಮೇಲೆ ಬಿದ್ದಿದ್ದ ತಗಡನ್ನು ತಾನೇ ಎತ್ತಿದಳು.

ಫೋನಿನ ಸಿಗ್ನಲ್ ಸಿಗುತ್ತಿದ್ದುದು ನೀರಿನ ಅಂಚಿನಲ್ಲಿ ಮಾತ್ರ. ಆಂಬುಲೆನ್ಸ್ ಕರೆಯಲು, ಆಚೆ ದಂಡೆಯಲ್ಲಿದ್ದ ದೋಣಿ ತರಿಸಲು ಬಸಲಿಂಗವ್ವ ಅಲ್ಲಿಗೆ ನಡೆದರು. ಗಾಯಾಳುಗಳನ್ನು ಪ್ರಭುಲಿಂಗನಿಗೆ ಬಿಟ್ಟರು.

ಅವನು ಕಲಿತದ್ದನ್ನೆಲ್ಲ ಮಾಡಿದ. ಒಬ್ಬೊಬ್ಬರಿಗೆ ಅರ್ಧ ನಿಮಿಷ. ನಡೆಯಬಲ್ಲರೇ, ಉಸಿರೆಷ್ಟು, ನಾಡಿ ಸಿಗುತ್ತದೆಯೇ, ಹೇಳಿದ್ದು ತಿಳಿಯುತ್ತದೆಯೇ. ಸ್ವಾಮಿಗಳಿಗೂ ಶಿವಯೋಗಪ್ಪನಿಗೂ ಹಳದಿ ಕಟ್ಟಿದ. ಕಾಶವ್ವನ ನಾಡಿ ಸಮವಾಗಿತ್ತು. ಹಸಿರು ಕಟ್ಟಿದ. ಯಾವ ಪರೀಕ್ಷಕನಿಗೂ ಅಂಕ ಕಳೆಯಲು ಜಾಗವಿರಲಿಲ್ಲ.

ಕೆಂಪು ಯಾರಿಗೂ ಇಲ್ಲ. ಹಾಗಾದರೆ ದೋಣಿ ಯಾರಿಗೆ? ಪಂಕ್ತಿಯಲ್ಲಿ ಮೊದಲು ಯಾರ ಎಲೆಗೆ ಬಡಿಸುತ್ತೇವೋ ಅವರಿಗೆ ಎಂದರು ಭಕ್ತರು. ಪ್ರಭುಲಿಂಗನಿಗೂ ಅದು ಸರಿಯೆನಿಸಿತು. ಸ್ವಾಮಿಗಳ ತಲೆಗೆ ಪಟ್ಟಿ ಸುತ್ತಲು ಕೂತ. ಸುತ್ತಿದ, ಬಿಚ್ಚಿದ, ಮತ್ತೆ ಸುತ್ತಿದ. ಪಟ್ಟಿ ಬಹಳ ಚೆನ್ನಾಗಿ ಬಂತು.

ಅಷ್ಟರಲ್ಲಿ ದೋಣಿ ಬಂತು. ಬಸಲಿಂಗವ್ವನೂ ಬಂದರು.

ಅವರು ಯಾರ ಕೈಯ ಬಟ್ಟೆಯನ್ನೂ ನೋಡಲಿಲ್ಲ. ಒಂದು ತುದಿಯಿಂದ ಹೊರಟರು. ಸ್ವಾಮಿಗಳ ನಾಡಿ ಹಿಡಿದು, ಹೆಸರು ಕೇಳಿ, ಬಿಟ್ಟರು. ಶಿವಯೋಗಪ್ಪನ ಕಾಲ್ಬೆರಳು ಒತ್ತಿ, ಬಿಸಿಯಿದೆಯೆಂದು ನೋಡಿ, ಬಿಟ್ಟರು. ಬೇವಿನ ಮರಕ್ಕೆ ಒರಗಿ ಕೂತಿದ್ದ ಕಾಶವ್ವನ ಮುಂದೆ ಕೂತರು.

"ಏನಾಗ್ಯದ ಯವ್ವಾ?"

"ಏನಿಲ್ರೀ ಅವ್ವಾರ. ಯಾಕೋ ಭಾಳ ನೀರಡಿಕಿ ಆಗೇತಿ."

ಪ್ರಭುಲಿಂಗ ಲೋಟ ತಂದ. ಬಸಲಿಂಗವ್ವ ಅದನ್ನು ಕಸಿದು ನೆಲಕ್ಕೆ ಚೆಲ್ಲಿದರು. ಹೊಟ್ಟೆ ಕೊಯ್ಯಬೇಕಾಗಿ ಬಂದರೆ ಅದರಲ್ಲಿ ನೀರಿರಬಾರದು ಎಂದರು. ಆಮೇಲೆ, ಈಕೆಯನ್ನು ದೋಣಿಯಲ್ಲಿ ಮಲಗಿಸು ಎಂದರು.

"ಅವ್ವಾರ, ಇಕಿನ್ನ ನಾ ನೋಡೀನ್ರೀ. ಹಸಿರು ಕಟ್ಟೀನಿ. ತಗಡು ಎತ್ಯಾಳ ಇಕಿ."

ಬಸಲಿಂಗವ್ವ ಅವನ ಬೆರಳುಗಳನ್ನು ಹಿಡಿದು ಕಾಶವ್ವನ ಮುಂಗೈ ಮೇಲಿಟ್ಟರು.

"ಎಣಸು."

ಅವನು ಎಣಿಸಿದ. ಕೈ ತಣ್ಣಗಿತ್ತು, ಬೆವರಿಗೆ ಜಾರುತ್ತಿತ್ತು. ನಾಡಿ ದಾರದಷ್ಟು ತೆಳು, ನಿಮಿಷಕ್ಕೆ ನೂರಮೂವತ್ತರ ಓಟ. ಹಸಿರು ಬಟ್ಟೆ ಬಿಚ್ಚಿದ.

ಭಕ್ತರು ದೋಣಿಗೆ ಅಡ್ಡ ನಿಂತರು. ಸ್ವಾಮಿಗಳ ರಕ್ತ ಹೀಗೆ ಹರಿಯುತ್ತಿರುವಾಗ ಮಜ್ಜಿಗೆಯವಳನ್ನು ಕಳಿಸುವುದು ಯಾವ ನ್ಯಾಯ ಎಂದು ಒಬ್ಬ ಕೇಳಿದ.

ಬಸಲಿಂಗವ್ವ ಸ್ವಾಮಿಗಳ ಕಡೆ ತಿರುಗಿದರು.

"ಅಪ್ಪಾರ, ನಿಮ್ಮ ರಕ್ತ ಹೊರಗ ಹರೀತದ. ಒತ್ತಿ ಹಿಡದ್ರ ನಿಲ್ತದ. ಇಕಿದು ಒಳಗ ಹರೀಲಿಕತ್ತದ. ಅಲ್ಲಿಗೆ ನನ್ನ ಕೈ ಹೋಗೂದಿಲ್ಲ."

ಸ್ವಾಮಿಗಳು ಕಾಶವ್ವನನ್ನು ನೋಡಿದರು. ತಮ್ಮ ಅಂಗೈಯಿಂದ ತಮ್ಮ ತಲೆಯನ್ನು ಒತ್ತಿ ಹಿಡಿದುಕೊಂಡು, ದಾರಿ ಬಿಡಿರೆಂದು ಭಕ್ತರಿಗೆ ಹೇಳಿದರು. ಬೆಳಗಿನ ಉಪನ್ಯಾಸಕ್ಕಿಂತ ಇದು ಚೆನ್ನಾಗಿತ್ತು.

ಪ್ರಭುಲಿಂಗ ದೋಣಿಯಲ್ಲಿ ಕಾಶವ್ವನ ಜೊತೆ ಹೋದ. ದಾರಿಯುದ್ದಕ್ಕೂ ನಾಡಿ ಬಿಡಲಿಲ್ಲ. ಆಸ್ಪತ್ರೆಯಲ್ಲಿ ನೋಡಿದರೆ, ಎಡ ಪಕ್ಕೆಯೊಳಗೆ ಗುಲ್ಮ ಒಡೆದಿತ್ತು. ಹೊಟ್ಟೆ ತುಂಬ ರಕ್ತ. ಇನ್ನರ್ಧ ಗಂಟೆ ತಡವಾಗಿದ್ದರೆ ತರುವ ಅಗತ್ಯವೇ ಇರುತ್ತಿರಲಿಲ್ಲ ಎಂದರು ಡಾಕ್ಟರು. ಸಂಜೆಯ ಹೊತ್ತಿಗೆ ಆಪರೇಷನ್ ಮುಗಿಯಿತು.

ಮರುದಿನ ಬೆಳಿಗ್ಗೆ ಪ್ರಭುಲಿಂಗ ದೋಣಿಯಲ್ಲಿ ಮರಳಿದ. ನೇರ ಬಂದು ಗುರುವಿನ ಕಾಲಿಗೆ ಬಿದ್ದ.

ತಾನು ಒಂದನ್ನೂ ಬಿಡದೆ ಪರೀಕ್ಷಿಸಿದ್ದೆ, ಕಟ್ಟಿದ ಬಣ್ಣವೂ ಆಗ ಸರಿಯಾಗಿಯೇ ಇತ್ತು, ಆದರೂ ಒಂದು ಜೀವ ಕೈಬಿಟ್ಟು ಹೋಗುತ್ತಿತ್ತು ಎಂದ. ಎಲ್ಲಿ ತಪ್ಪಿದೆನೆಂದು ರಾತ್ರಿಯಿಡೀ ಯೋಚಿಸಿದರೂ ತಿಳಿಯಲಿಲ್ಲ ಎಂದ. ಯಾವ ಶಿಕ್ಷೆ ಕೊಟ್ಟರೂ ಸರಿ, ಇನ್ನು ಮುಂದೆ ಗಾಯಾಳುಗಳನ್ನು ಮುಟ್ಟುವುದಿಲ್ಲ ಎಂದ. ಇನ್ನೂ ಬಹಳ ಹೇಳಿದ. ತನ್ನ ಬಗ್ಗೆಯೇ ಹೇಳಿದ.

ಬಸಲಿಂಗವ್ವ ಅವನ ಮಾತು ಮುಗಿಯುವವರೆಗೆ ಕಾದರು.

"ಕಾಶವ್ವ ಹೆಂಗದಾಳ?"

"ಪಾರಾದ್ಲ್ರೀ ಅವ್ವಾರ. ನಿನ್ನಿ ಸಂಜಿ ಆರಕ್ಕ ಡಾಕ್ಟರು ಹೇಳಿದ್ರು. ಆಮ್ಯಾಲ ನಾ ಮತ್ತ ನೋಡಿಲ್ರೀ."

ಬಸಲಿಂಗವ್ವ ದೋಣಿಯವನಿಗೆ, ಹಗ್ಗ ಕಟ್ಟಬೇಡ ಎಂದು ಕೈ ಮಾಡಿದರು.

"ಈಗ ಗಂಟಿ ಎಷ್ಟಾತು?"