ಮುಳ್ಳಿಗೆ ಅಡ್ಡ ಕೂತ ದೇವರು

ಕುತ್ತಿಗೆಗೆ ಶಲ್ಯ ಸುತ್ತಿಕೊಂಡಿದ್ದ ಶಿಷ್ಯ ಕೇಳಿದ: "ಗುರುಗಳೇ, ಕೆಲವು ಕಾಲದಿಂದ ನನಗೊಂದು ಭಯ ಹಿಡಿದಿದೆ. ಅದು ಹೋಗಲೆಂದು ಜಪವನ್ನು ಇಮ್ಮಡಿ ಮಾಡಿದೆ. ಭಯವೂ ಇಮ್ಮಡಿಯಾಯಿತು. ತಪ್ಪಿರುವುದು ಜಪದಲ್ಲೋ, ನನ್ನಲ್ಲೋ?"

ಎಂಥ ಭಯ ಎಂದು ಗುರುಗಳು ಕೇಳಲಿಲ್ಲ. ಕೂರುವಂತೆ ಕೈ ತೋರಿಸಿ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಮನುಷ್ಯನಿದ್ದ. ಅವನಿಗೆ ಒಂದು ಹಳೆಯ ಕಾರು, ಒಬ್ಬಳು ಅಕ್ಕ. ಅಕ್ಕನ ಕಿಡ್ನಿಗಳೆರಡೂ ಕೆಲಸ ನಿಲ್ಲಿಸಿದ್ದವು. ಮಂಗಳವಾರ ಮತ್ತು ಶುಕ್ರವಾರ ಅವಳನ್ನು ಜಿಲ್ಲಾ ಆಸ್ಪತ್ರೆಗೆ ಕರೆದೊಯ್ದು ಡಯಾಲಿಸಿಸ್ ಮಾಡಿಸಬೇಕಿತ್ತು. ಒಂದು ಸರದಿ ತಪ್ಪಿದರೆ ಮೈಯಲ್ಲಿ ನೀರು ನಿಲ್ಲುತ್ತದೆ, ಎರಡು ತಪ್ಪಿದರೆ ಉಸಿರು ನಿಲ್ಲುತ್ತದೆ ಎಂದು ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದ್ದರು. ಆಸ್ಪತ್ರೆಗೆ ಎರಡು ಗಂಟೆಯ ದಾರಿ. ನಡುವೆ ಹದಿನೆಂಟು ಮೈಲಿ ಬರೀ ಬಯಲು. ಅಲ್ಲಿ ಮನೆಯಿಲ್ಲ, ಅಂಗಡಿಯಿಲ್ಲ, ಫೋನಿಗೆ ಸಿಗ್ನಲ್ ಕೂಡ ಇಲ್ಲ.

ಒಂದು ಮಂಗಳವಾರ ಆ ಬಯಲಿನಲ್ಲಿ ಕಾರಿನ ಬಿಸಿ ತೋರಿಸುವ ಮುಳ್ಳು ನಡುಗೆರೆ ದಾಟಿ ಮೇಲೇರಿತು. ಅವನು ಕಾರು ನಿಲ್ಲಿಸಿದ. ತಣ್ಣಗಾಗುವವರೆಗೆ ಕಾದು ರೇಡಿಯೇಟರ್ ಮುಚ್ಚಳ ತೆಗೆದ. ಒಳಗೆ ಎಂಜಿನ್ ತಣಿಸುವ ಕೂಲಂಟ್ ಇಳಿದಿತ್ತು. ಕುಡಿಯುವ ನೀರನ್ನೆಲ್ಲ ಸುರಿದು ಹೇಗೋ ಆಸ್ಪತ್ರೆ ಮುಟ್ಟಿದ.

ಮರುದಿನ ಬೆಳಿಗ್ಗೆ ಕಾರಿನ ಕೆಳಗೆ ಮಲಗಿ ನೆಲ ನೋಡಿದ. ನೆಲ ಒಣಗಿತ್ತು. ಭಯ ನಿಜವಾಗಿ ಶುರುವಾದದ್ದು ಆಗ. ಒಂದು ಹನಿ ಕಂಡಿದ್ದರೆ ಸೋರಿಕೆಗೆ ಒಂದು ಜಾಗವಿರುತ್ತಿತ್ತು. ಹನಿಯೇ ಕಾಣದಿದ್ದಾಗ ಇಡೀ ಕಾರಿನ ಮೇಲೆ ಅನುಮಾನ ಬಂತು.

ಅವನು ಮೆಕ್ಯಾನಿಕ್ಕಿನ ಬಳಿ ಹೋಗಲಿಲ್ಲ. ಟ್ಯಾಕ್ಸಿ ಸ್ಟ್ಯಾಂಡಿನ ಒಬ್ಬ ಡ್ರೈವರ್ ಹೇಳಿದ್ದ: "ನೆಲಕ್ಕೆ ಬೀಳ್ತಿಲ್ಲ ಅಂದ್ರೆ ಎಂಜಿನ್ನೇ ನೀರು ಕುಡೀತಿದೆ ಅಣ್ಣ. ಒಳಗೆ ಎಂಜಿನ್ ಹೆಡ್ಡೇ ಬಿರುಕು ಬಿಟ್ಟಿರುತ್ತೆ. ಈ ವಯಸ್ಸಿನ ಗಾಡಿಗೆ ಯಾರೂ ಕೈ ಹಾಕಲ್ಲ, ಗುಜರಿಗೇ." ಮೆಕ್ಯಾನಿಕ್ ಬಾಯಲ್ಲೂ ಅದೇ ಮಾತು ಬಂದರೆ ಅಕ್ಕನ ಗತಿಯೇನು ಎಂದು ಅವನು ಯೋಚಿಸಿದ. ಕೇಳದೇ ಇದ್ದರೆ ಆ ಮಾತು ಬರುವುದಿಲ್ಲ ಎಂದು ತೀರ್ಮಾನಿಸಿದ.

ಸುಮ್ಮನೆ ಕೂರುವವನೂ ಅಲ್ಲ. ಡ್ರೈವರುಗಳ ವಾಡಿಕೆಯಂತೆ ಎರಡು ಹಿಡಿ ಅರಿಶಿನದ ಪುಡಿಯನ್ನು ರೇಡಿಯೇಟರಿಗೆ ಸುರಿದ. ಸಣ್ಣ ತೂತಿದ್ದರೆ ಮುಚ್ಚಿಕೊಳ್ಳಲಿ ಎಂದು. ಡಿಕ್ಕಿಯಲ್ಲಿ ನಾಲ್ಕು ಕ್ಯಾನು ನೀರಿಟ್ಟ. ಹೊರಡುವ ಮುಂಚೆ ಪ್ರತಿ ಸಲವೂ ಬಾನೆಟ್ ಎತ್ತಿ, ರಬ್ಬರ್ ಪೈಪುಗಳ ಕ್ಲಿಪ್ಪುಗಳನ್ನು ಕಾಲು ಸುತ್ತು ಬಿಗಿದ. ಕಣ್ಣಿಗೆ ಕಾಣದವನ್ನೂ ತಡವಿ ಬಿಗಿದ.

ಆದರೂ ಮುಳ್ಳು ಏರುತ್ತಿತ್ತು. ಅದನ್ನು ನೋಡುವುದೇ ಅವನಿಗೆ ಬೇಡವಾಯಿತು. ಡ್ಯಾಶ್‌ಬೋರ್ಡಿನ ಎಡಮೂಲೆಯಲ್ಲಿ ದೇವರ ಪಟವೊಂದಿತ್ತು. ಒಂದು ದಿನ ಅದನ್ನು ಕಿತ್ತು ಸ್ಟಿಯರಿಂಗಿನ ಹಿಂದೆ, ಮುಳ್ಳಿನ ಮೇಲೆಯೇ ಅಂಟಿಸಿದ. ಕೈ ಮುಗಿದ. ಆ ದಿನ ಅವನ ಮನಸ್ಸು ಹಗುರಾಗಿತ್ತು.

ಪಕ್ಕದ ಸೀಟಿನಲ್ಲಿ ಅಕ್ಕ ಕೂತಿದ್ದಳು. ರೋಗ ಅವಳ ನಾಲಿಗೆಯನ್ನು ಮುಟ್ಟಿರಲಿಲ್ಲ.

"ಏನೋ, ದೇವರಿಗೆ ವರ್ಗ ಆಗಿದೆ?"

"ಎದುರಿಗೇ ಇರಲಿ ಅಂತ, ಅಕ್ಕ."

"ಎದುರಿಗಿದ್ದಾನೋ, ಅಡ್ಡ ಇದ್ದಾನೋ? ಕ್ಯಾನುಗಟ್ಟಲೆ ನೀರು ಹೊರೋದು ನನಗೆ ಕಾಣಲ್ಲ ಅಂದ್ಕೊಂಡ್ಯಾ? ನನ್ನ ಮೈಯಲ್ಲಿ ಹೆಚ್ಚಾಗಿದ್ದನ್ನ ನಿನ್ನ ಕಾರಿಗೆ ತುಂಬೋ ಹಾಗಿದ್ದಿದ್ರೆ ಇಬ್ಬರಿಗೂ ಆಸ್ಪತ್ರೆ ತಪ್ಪುತ್ತಿತ್ತು."

ಅವನು ಗೇರು ಬದಲಾಯಿಸಿದ.

ಮುಂದಿನ ಮಂಗಳವಾರ ಆಸ್ಪತ್ರೆಯ ಯಂತ್ರ ಕೆಟ್ಟಿತ್ತು. ಅಕ್ಕನಿಗೆ ಸರದಿ ಸಿಗಲಿಲ್ಲ. ಶುಕ್ರವಾರದ ಹೊತ್ತಿಗೆ ಅವಳ ಪಾದಗಳು ಊದಿ ಚಪ್ಪಲಿ ಹಿಡಿಸುತ್ತಿರಲಿಲ್ಲ. ಎರಡು ಮಾತಿಗೊಮ್ಮೆ ಉಸಿರು ಎಳೆದುಕೊಳ್ಳುತ್ತಿದ್ದಳು. ಅಂದು ತಪ್ಪಿದರೆ ಎರಡನೆಯದು ತಪ್ಪಿದಂತೆ. ಅದು ಇಬ್ಬರಿಗೂ ಗೊತ್ತಿತ್ತು.

ಬಯಲಿನ ನಡುವೆ ಬಂದಾಗ ಕಾರಿನೊಳಗೆ ಬೆಲ್ಲ ಸೀದಂಥ ಸಿಹಿ ವಾಸನೆ ಬಂತು. ಅವನು ಮುಳ್ಳು ನೋಡಲು ಹೋದ. ಪಟ ಕಂಡಿತು. ಅಷ್ಟರಲ್ಲಿ ಬಾನೆಟ್ಟಿನ ಅಂಚಿನಿಂದ ಹಬೆ ಎದ್ದಿತು.

ನಿಲ್ಲಿಸಿ ಇಳಿದು ಓಡಿದ. ಬಾನೆಟ್ ಎತ್ತಿ, ರೇಡಿಯೇಟರಿನ ಮುಚ್ಚಳಕ್ಕೆ ಬರಿಗೈ ಚಾಚಿದ.

"ಮುಟ್ಟಬೇಡ!" ಅಕ್ಕ ಒಳಗಿನಿಂದ ಕೂಗಿದಳು. ಕೂಗಿದ್ದರಿಂದ ಅವಳ ಉಸಿರು ಕಟ್ಟಿತು. ಆಮೇಲೆ ಸಣ್ಣಗೆ ಹೇಳಿದಳು: "ಮುಖ ಬೆಂದು ಹೋಗುತ್ತೆ. ನಿನ್ನನ್ನ ಯಾರು ಕರ್ಕೊಂಡು ಹೋಗ್ತಾರೆ?"

ತಣ್ಣಗಾಗುವವರೆಗೆ ಕ್ಯಾನಿನ ನೀರನ್ನೂ ಸುರಿಯುವಂತಿರಲಿಲ್ಲ, ಕಾಯುವುದು ಬಿಟ್ಟು ಬೇರೆ ದಾರಿಯಿರಲಿಲ್ಲ. ಎಂಜಿನ್ ಟಿಕ್ ಟಿಕ್ ಎಂದು ಆರುತ್ತಿತ್ತು. ಅಕ್ಕನ ಎದೆಯಲ್ಲಿ ಗೊರಗೊರ ಶುರುವಾಯಿತು. ಅವನು ಎರಡನ್ನೂ ಕೇಳುತ್ತ ರಸ್ತೆಯ ಮಧ್ಯೆ ನಿಂತ. ಮುಕ್ಕಾಲು ಗಂಟೆಯಾದ ಮೇಲೆ ಕಲ್ಲು ಚಪ್ಪಡಿ ಹೊತ್ತ ಲಾರಿಯೊಂದು ಬಂತು. ಡ್ರೈವರ್ ಏನೂ ಕೇಳದೆ ಅವಳನ್ನು ಎತ್ತಿ ಕ್ಯಾಬಿನ್ನಿನಲ್ಲಿ ಕೂರಿಸಿಕೊಂಡ. ಆಸ್ಪತ್ರೆ ಮುಟ್ಟಿದಾಗ ಅವಳ ತುಟಿ ನೀಲಿಯಾಗಿತ್ತು. ಬದುಕಿದಳು. ಇನ್ನರ್ಧ ಗಂಟೆ ತಡವಾಗಿದ್ದರೆ ತನಗೆ ಮಾಡಲು ಕೆಲಸವೇ ಇರುತ್ತಿರಲಿಲ್ಲ ಎಂದು ಡಾಕ್ಟರು ಹೇಳಿದರು.

ಕಾರನ್ನು ಟ್ರ್ಯಾಕ್ಟರಿಗೆ ಕಟ್ಟಿ ಮೆಕ್ಯಾನಿಕ್ಕಿನ ಬಾಗಿಲಿಗೆ ತಂದರು. ಮೆಕ್ಯಾನಿಕ್ ವಯಸ್ಸಾದವನು. ಬಾನೆಟ್ ಎತ್ತುವ ಮೊದಲು ಒಂದೇ ಪ್ರಶ್ನೆ ಕೇಳಿದ.

"ಮುಳ್ಳು ಎಲ್ಲಿವರೆಗೆ ಹೋಗಿತ್ತು?"

"ನೋಡಲಿಲ್ಲ ಅಣ್ಣ."

ಮೆಕ್ಯಾನಿಕ್ ಕಾರಿನೊಳಗೆ ಬಗ್ಗಿದ. ಪಟವನ್ನು ಬಿಡಿಸಿದ, ಕಣ್ಣಿಗೊತ್ತಿಕೊಂಡ, ಹಳೆಯ ಅಂಟಿನ ಗುರುತಿದ್ದ ಎಡಮೂಲೆಯಲ್ಲಿ ಅಂಟಿಸಿದ. "ಇವತ್ತು ಕೈ ಹಾಕಲ್ಲ, ತಣ್ಣಗಾಗಲಿ" ಎಂದ.

ಮರುದಿನ ರೇಡಿಯೇಟರ್ ಕೆಳಗಿನ ತಿರುಪು ಬಿಚ್ಚಿದಾಗ ಹಳದಿ ಕೆಸರು ಇಳಿಯಿತು.

"ಸಾರು ಚೆನ್ನಾಗಿ ಬಂದಿದೆ. ಒಗ್ಗರಣೆ ಮರೆತಿದ್ದೀರಿ" ಎಂದ ಮೆಕ್ಯಾನಿಕ್. ಅರಿಶಿನ ಸೋರುವ ಜಾಗವನ್ನು ಹುಡುಕಿಕೊಂಡು ಹೋಗಿರಲಿಲ್ಲ. ಸೋರದ ಸಣ್ಣ ಕೊಳವೆಗಳಲ್ಲಿ ಹೆಪ್ಪುಗಟ್ಟಿ ಕೂತಿತ್ತು. ರೇಡಿಯೇಟರನ್ನು ಕಳಚಿ ಶುಚಿ ಮಾಡಲು ಮೂರು ದಿನ ಹಿಡಿಯಿತು. ಆ ಮಂಗಳವಾರ ಪಕ್ಕದ ಬೀದಿಯವರ ಗಾಡಿಯಲ್ಲಿ ಅಕ್ಕ ಆಸ್ಪತ್ರೆಗೆ ಹೋದಳು. ಕೇಳಿದ್ದರೆ ಆ ಗಾಡಿ ಮೊದಲೂ ಸಿಗುತ್ತಿತ್ತು. ಕೇಳಬೇಕಾದರೆ ಕಾರಿನ ವಿಷಯ ಹೇಳಬೇಕಾಗಿತ್ತು.

ನಾಲ್ಕನೆಯ ದಿನ ಮೆಕ್ಯಾನಿಕ್ ಎಂಜಿನ್ನನ್ನು ತೊಳೆದು, ಬಟ್ಟೆಯಲ್ಲಿ ಒರೆಸಿ ಒಣಗಿಸಿದ. ಕೂಲಂಟ್ ತುಂಬಿದ. ರೇಡಿಯೇಟರಿನ ಬಾಯಿಗೆ ಕೈಪಂಪು ಸಿಕ್ಕಿಸಿ ಗಾಳಿ ಒತ್ತಿದ. ಪಂಪಿನ ಮೇಲಿನ ಸಣ್ಣ ಮೀಟರು ನಿಧಾನವಾಗಿ ಇಳಿಯತೊಡಗಿತು. ಅವನು ಟಾರ್ಚನ್ನು ಕಾರಿನವನ ಕೈಗೆ ಕೊಟ್ಟ.

"ಎಂಜಿನ್ ಓಡ್ತಿಲ್ಲ, ಬಿಸಿ ಇಲ್ಲ, ಹನಿ ಬಿದ್ದರೆ ಆರಿ ಹೋಗಲ್ಲ. ಹುಡುಕಿ."

ಅವನು ಟಾರ್ಚು ಹೊತ್ತಿಸಿದ. "ಸಿಗದಿದ್ರೆ?"

"ಸಿಗದಿದ್ರೆ ಒಳಗಿದೆ. ಹೊರಗೆ ನೋಡೋಕೆ ಮೊದಲೇ ಒಳಗಿದೆ ಅಂತ ಅಳೋಕೆ ನನಗೆ ಬರಲ್ಲ."

ಅವನು ನೋಡಿದ. ಜೀವಮಾನದಲ್ಲಿ ಅಷ್ಟು ಭಯದಿಂದ ಅವನು ಏನನ್ನೂ ನೋಡಿರಲಿಲ್ಲ. ರೇಡಿಯೇಟರ್ ಒಣಗಿತ್ತು. ವಾಟರ್ ಪಂಪ್ ಒಣಗಿತ್ತು. ಮೇಲಿನ ಪೈಪು, ಕೆಳಗಿನ ಪೈಪು ಒಣಗಿದ್ದವು. ಉಳಿದದ್ದು ಎಂಜಿನ್ನಿನ ಒಡಲೊಂದೇ ಎನ್ನಿಸಿತು. ಟಾರ್ಚು ಆರಿಸಲು ಹೋದ.

"ಹಿಂದೆ" ಎಂದ ಮೆಕ್ಯಾನಿಕ್.

ಎಂಜಿನ್ನಿನ ಹಿಂಬದಿಯಲ್ಲಿ, ಕೈ ಹೋಗುವ ಆದರೆ ಕಣ್ಣು ಹೋಗದ ಜಾಗದಲ್ಲಿ, ಹೆಬ್ಬೆರಳ ಗಾತ್ರದ, ಒಂದು ಗೇಣುದ್ದದ ರಬ್ಬರ್ ಪೈಪಿತ್ತು. ಅದರ ಕ್ಲಿಪ್ಪಿನ ಸುತ್ತ ಬಿಳಿ ಹಸಿರು ಹಕ್ಕಳೆ ಕಟ್ಟಿತ್ತು. ಅವನು ನೋಡುತ್ತಿದ್ದಂತೆಯೇ ಅಲ್ಲೊಂದು ಹನಿ ಕೂಡಿ, ತೂಗಿ, ಬಿತ್ತು. ಕಾರು ಓಡುವಾಗ ಆ ಹನಿ ಬೀಳುತ್ತಿದ್ದುದು ಕಾದ ಕಬ್ಬಿಣದ ಮೇಲೆ. ನೆಲ ಮುಟ್ಟುವ ಮೊದಲೇ ಆವಿಯಾಗುತ್ತಿತ್ತು.

ಮೆಕ್ಯಾನಿಕ್ ಪೈಪನ್ನು ಬಿಚ್ಚಿ ಅವನ ಅಂಗೈಯಲ್ಲಿಟ್ಟ. ಕ್ಲಿಪ್ಪಿನ ಅಂಚು ರಬ್ಬರನ್ನು ಅರ್ಧ ಸುತ್ತು ಕೊಯ್ದಿತ್ತು.

"ಇದನ್ನ ಯಾರು ಬಿಗಿದದ್ದು?"

"ನಾನೇ. ಪ್ರತಿ ಸಲ ಕಾಲು ಸುತ್ತು."

"ನೋಡಿಕೊಂಡೋ?"

"ತಡವಿಕೊಂಡು."

"ಪೈಪಿಗೆ ವಯಸ್ಸಾಗಿ ಮೊದಲು ಬರೀ ಬೆವರ್ತಿತ್ತು" ಎಂದ ಮೆಕ್ಯಾನಿಕ್. "ಕೊಯ್ದದ್ದು ನೀವು."

ಹೊಸ ಪೈಪು ಹಾಕಲು ಕಾಲು ಗಂಟೆ ಸಾಕಾಯಿತು. ಮೆಕ್ಯಾನಿಕ್ ಮತ್ತೆ ಗಾಳಿ ಒತ್ತಿ, ಅರ್ಧ ಗಂಟೆ ಮೀಟರಿನ ಮುಂದೆ ಅವನನ್ನು ಕೂರಿಸಿದ. ಮೀಟರು ಇಳಿಯಲಿಲ್ಲ. ಬಿರುಕೂ ಇರಲಿಲ್ಲ, ಗುಜರಿಯೂ ಇರಲಿಲ್ಲ.

ಶುಕ್ರವಾರ ಅಕ್ಕ ತಮ್ಮ ಇಬ್ಬರೂ ಹೊರಟರು. ಬಯಲು ಬಂತು. ಅವನು ಪ್ರತಿ ಮೈಲಿಗೂ ಒಮ್ಮೆ ಮುಳ್ಳು ನೋಡಿದ.

"ಯಾಕೋ, ನಿನ್ನ ಕಿಡ್ನಿಯೇ ಹೋದ ಹಾಗೆ ಮುಖ ಮಾಡಿದೀಯ?" ಎಂದಳು ಅಕ್ಕ.

"ಭಯ ಆಗ್ತಿದೆ ಅಕ್ಕ."

"ಆಗಲಿ. ಕಣ್ಣು ಬಿಟ್ಕೊಂಡು ಓಡಿಸು."

ಗುರುಗಳು ಕತೆ ನಿಲ್ಲಿಸಿದರು.

ಶಿಷ್ಯ ಹೇಳಿದ: "ಅವನ ತಪ್ಪು ತಿಳಿಯಿತು ಗುರುಗಳೇ. ಆದರೆ ನನ್ನ ಬಳಿ ಕಾರಿಲ್ಲ, ಅಕ್ಕನಿಲ್ಲ. ನಾನು ಜಪದ ವಿಷಯ ಕೇಳಿದೆ."

ಗುರುಗಳು ಅವನನ್ನೇ ನೋಡಿ ಕೇಳಿದರು: "ಕುತ್ತಿಗೆಯಲ್ಲಿ ಎದ್ದಿರುವ ಆ ಗಂಟು ಯಾರಿಗೂ ಕಾಣದಿರಲೆಂದು ನೀನು ಶಲ್ಯ ಹೊದೆಯತೊಡಗಿ ಎಷ್ಟು ದಿನವಾಯಿತು?"